ವಕೀಲ ಹಳಕಟ್ಟಿಯವರ ಸಾರ್ವಜನಿಕ ಜೀವನ

ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಹೆಸರು ಕನ್ನಡ ವಿದ್ಯಾರ್ಥಿಗಳಿಗೆ ಹೊಸದಲ್ಲ. ತಾಡವಾಲೆಗಳಲ್ಲಿ ಅಡಗಿದ್ದ ಶರಣರ ವಚನಗಳನ್ನು ಸಂಗ್ರಹಿಸಿ, ಪರಿಷ್ಕರಿಸಿ, ಅಚ್ಚಿಗೆ ತಂದವರೆಂದು ಅವರನ್ನು ವಚನ ಪಿತಾಮಹ ಎಂದು ಕರೆಯುತ್ತೇವೆ. ಆದರೆ ಅವರು ವೃತ್ತಿಯಿಂದ ವಕೀಲರಾಗಿದ್ದರು. ವಿಜಾಪುರದ ನಗರಸಭೆಯಲ್ಲಿ ದುಡಿದವರು, ಮುಂಬಯಿ ಶಾಸನಸಭೆಯಲ್ಲಿ ಕುಳಿತವರು, ಬ್ಯಾಂಕು ಮತ್ತು ಶಾಲೆಗಳನ್ನು ಕಟ್ಟಿದವರು. ಪಠ್ಯಪುಸ್ತಕಗಳಲ್ಲಿ ಈ ಭಾಗ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಅವರ ಸಾಹಿತ್ಯ ಸೇವೆ ಅರ್ಥವಾಗಬೇಕಾದರೆ ಅವರ ಸಾರ್ವಜನಿಕ ಜೀವನವನ್ನೂ ಜೊತೆಯಲ್ಲಿಟ್ಟು ನೋಡಬೇಕು. ಜತ್ತ ತಾಲೂಕಿನ ಕನ್ನಡಿಗರಾದ ನಮಗಂತೂ ಈ ನೋಟ ಹೆಚ್ಚು ಅವಶ್ಯವಾದುದು.

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಗ್ರಂಥಗಳನ್ನು ಬರೆದವರು. ತಾಯಿ ದಾನಾದೇವಿ. ನಮ್ಮ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿದಳೆಂದು ಜನ ನಂಬುವ, ಗುಡ್ಡಾಪುರದಲ್ಲಿ ನೆಲೆಸಿದ ಶರಣೆ ದಾನಮ್ಮನ ಹೆಸರು ವಿಜಾಪುರ, ಧಾರವಾಡ ಸೀಮೆಗಳ ಮನೆಮನೆಗಳಲ್ಲಿ ಬಳಕೆಯಲ್ಲಿದ್ದ ಕಾಲವದು. ಬಾಲಕ ಫಕೀರಪ್ಪ ಚಿಕ್ಕಂದಿನಲ್ಲಿಯೇ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಆರೈಕೆಯಲ್ಲಿ ಬೆಳೆದನು. ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿದ ಬಳಿಕ ಉಚ್ಚ ಶಿಕ್ಷಣಕ್ಕಾಗಿ ಮುಂಬಯಿಗೆ ಹೋಗಿ, ಸೇಂಟ್ ಝೇವಿಯರ್ ಕಾಲೇಜಿನಲ್ಲಿ ವಿಜ್ಞಾನವನ್ನು ಅಭ್ಯಾಸ ಮಾಡಿದನು. 1904ರಲ್ಲಿ ಕಾನೂನು ಪದವಿಯೂ ಕೈಸೇರಿತು.

ಮುಂಬಯಿಯ ಆ ವರ್ಷಗಳು ಅವರ ಮನಸ್ಸಿನ ಮೇಲೆ ಆಳವಾದ ಪರಿಣಾಮವನ್ನುಂಟುಮಾಡಿದವು. ಮರಾಠಿ ಮತ್ತು ಗುಜರಾತಿ ಜನರು ತಮ್ಮ ಭಾಷೆಯಲ್ಲಿ ಪತ್ರಿಕೆ ನಡೆಸುತ್ತಿದ್ದುದನ್ನೂ ಗ್ರಂಥಗಳನ್ನು ಪ್ರಕಟಿಸುತ್ತಿದ್ದುದನ್ನೂ ಸಂಘ ಸಂಸ್ಥೆಗಳನ್ನು ಕಟ್ಟುತ್ತಿದ್ದುದನ್ನೂ ಅವರು ಕಣ್ಣಾರೆ ಕಂಡರು. ಅದೇ ಇಲಾಖೆಯ ದಕ್ಷಿಣ ಜಿಲ್ಲೆಗಳಲ್ಲಿದ್ದ ಕನ್ನಡಿಗರ ಸ್ಥಿತಿ ಬೇರೆಯಾಗಿತ್ತು. ಕನ್ನಡ ನಾಡು ಮುಂಬಯಿ ಇಲಾಖೆ, ಮದ್ರಾಸ್ ಇಲಾಖೆ, ಮೈಸೂರು, ಹೈದರಾಬಾದು ಮತ್ತು ಅನೇಕ ಚಿಕ್ಕ ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿತ್ತು. ವಿದ್ಯಾವಂತ ಕನ್ನಡಿಗನು ತನ್ನ ಮನೆಯ ಹೊರಗೆ ಮರಾಠಿಯನ್ನೋ ಇಂಗ್ಲಿಷನ್ನೋ ಆಡುವುದು ಸಾಮಾನ್ಯವಾಗಿತ್ತು. ಪರರ ಅಭಿವೃದ್ಧಿಯನ್ನು ಕಂಡು ಹಳಕಟ್ಟಿಯವರು ಅಸೂಯೆಪಡಲಿಲ್ಲ. ಅವರ ಕಾರ್ಯಪದ್ಧತಿಯನ್ನು ಗಮನಿಸಿ ಕಲಿತುಕೊಂಡರು.

ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ವೃತ್ತಿಯನ್ನು ನಡೆಸಿದ ಮೇಲೆ ಅವರು ವಿಜಾಪುರಕ್ಕೆ ಬಂದರು. ಮುಂದಿನ ಆರು ದಶಕಗಳ ಅವರ ಬದುಕಿಗೆ ಆ ಊರೇ ಕೇಂದ್ರವಾಯಿತು. ಬರಗಾಲ ಪದೇ ಪದೇ ಬಂದು ಹೋಗುವ ಸೀಮೆ. ಸಾಲದಲ್ಲಿ ಮುಳುಗಿದ ರೈತರು, ಮಗ್ಗದ ಮೇಲೆ ಬದುಕುವ ನೇಕಾರರು. ಜಮೀನಿನ ವ್ಯಾಜ್ಯ, ಸಾಲದ ಪತ್ರ, ಸಾವಕಾರನ ದಾವೆ ಇವೇ ಅಂದಿನ ಜಿಲ್ಲಾ ನ್ಯಾಯಾಲಯಗಳ ನಿತ್ಯದ ವ್ಯವಹಾರ. ಒಂದೊಂದು ದಾವೆಯಲ್ಲಿ ಒಬ್ಬ ಕಕ್ಷಿದಾರನನ್ನು ಗೆಲ್ಲಿಸಿದರೂ ಸೀಮೆಯ ಬಡತನ ನೀಗುವಂತಿರಲಿಲ್ಲ. ವಕೀಲಿಯಲ್ಲಿ ಒಳ್ಳೆಯ ಹೆಸರು ಬಂದು, ಮುಂದೆ ಸರಕಾರಿ ವಕೀಲರೂ ಆದ ಹಳಕಟ್ಟಿಯವರು ಈ ಕೊರತೆಗೆ ನ್ಯಾಯಾಲಯದ ಹೊರಗೆ ಪರಿಹಾರವನ್ನು ಹುಡುಕಿದರು.

1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆ, ಅಂದರೆ ಇಂದಿನ ಬಿ.ಎಲ್.ಡಿ.ಇ. ಸಂಸ್ಥೆ, ಅವರ ಮುಂದಾಳುತನದಲ್ಲಿ ಹುಟ್ಟಿತು. 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಸ್ಥಾಪನೆಯಾಯಿತು. ಸಹಕಾರಿ ಸಂಘಗಳ ಮೊದಲ ಕಾಯಿದೆ ಭಾರತದಲ್ಲಿ ಜಾರಿಗೆ ಬಂದದ್ದು 1904ರಲ್ಲಿ, ಹಳಕಟ್ಟಿಯವರು ಕಾನೂನು ಪದವಿ ಪಡೆದ ವರ್ಷವೇ. ಕಾಯಿದೆಯ ಪುಸ್ತಕದಲ್ಲಿದ್ದ ಆ ಹೊಸ ಅವಕಾಶವನ್ನು ಬರಗಾಲದ ಜಿಲ್ಲೆಗೆ ತಂದು ಕಾರ್ಯರೂಪಕ್ಕಿಳಿಸಲು ಕಾನೂನು ಬಲ್ಲವರೊಬ್ಬರು ಬೇಕಾಗಿತ್ತು. ರೈತರಿಗಾಗಿಯೂ ನೇಕಾರರಿಗಾಗಿಯೂ ಅವರು ಸಹಕಾರಿ ಸಂಘಗಳನ್ನು ಕಟ್ಟಲು ಶ್ರಮಿಸಿದರು.

ನಗರಸಭೆಯ ಸದಸ್ಯರಾಗಿ, ಉಪಾಧ್ಯಕ್ಷರಾಗಿ ಅವರು ಕೈಗೊಂಡ ಕೆಲಸಗಳಲ್ಲಿ ಕುಡಿಯುವ ನೀರಿನದು ಮುಖ್ಯವಾದುದು. ಆದಿಲಶಾಹಿಯ ಕಾಲದಲ್ಲಿ ತೊರವಿ ಮೊದಲಾದ ಕಡೆಗಳಿಂದ ನೆಲದೊಳಗಿನ ಕಾಲುವೆಗಳ ಮೂಲಕ ನೀರು ತರಿಸಿಕೊಂಡಿದ್ದ ನಗರವು ಕಾಲಾಂತರದಲ್ಲಿ ನೀರಿಲ್ಲದೆ ಬಳಲುತ್ತಿತ್ತು. ಭೂತನಾಳ ಕೆರೆಯ ನಿರ್ಮಾಣದ ಹಿಂದೆ ಹಳಕಟ್ಟಿಯವರ ಶ್ರಮವಿತ್ತೆಂಬುದನ್ನು ವಿಜಾಪುರದ ಜನ ಇಂದಿಗೂ ನೆನೆಯುತ್ತಾರೆ. ಬಳಿಕ ಮುಂಬಯಿ ಶಾಸನಸಭೆಯ ಸದಸ್ಯರಾಗಿಯೂ ಅವರು ಈ ಭಾಗವನ್ನು ಪ್ರತಿನಿಧಿಸಿದರು. ಸರಕಾರವು ಅವರಿಗೆ ರಾವಸಾಹೇಬ, ಮುಂದೆ ರಾವಬಹಾದ್ದೂರ ಪದವಿಗಳನ್ನಿತ್ತು ಗೌರವಿಸಿತು.

ಇಷ್ಟು ವ್ಯಾಪ್ತಿಯ ಸಾರ್ವಜನಿಕ ಕಾರ್ಯದ ನಡುವೆಯೇ ವಚನಗಳ ಸಂಗ್ರಹ ಸಾಗಿತ್ತು. ವಕೀಲಿಯ ಆರಂಭದ ದಿನಗಳಲ್ಲಿ ರಬಕವಿ, ಬನಹಟ್ಟಿಗಳ ಕಡೆ ಹೋದಾಗ ತಾಡವಾಲೆಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದವು. ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಇಂಥ ಕಟ್ಟುಗಳನ್ನು ಬಿಚ್ಚಿ ಓದುವವರು ವಿರಳವಾಗಿದ್ದರು. ಹಳಕಟ್ಟಿಯವರು ಊರೂರು ಅಲೆದು ಅವುಗಳನ್ನು ಕೂಡಿಸಿದರು. ನೂರಾರು ಹಸ್ತಪ್ರತಿಗಳು ಅವರ ಬಳಿ ಸೇರಿದವು. ಒಂದೇ ವಚನವು ಹಲವು ಪ್ರತಿಗಳಲ್ಲಿ ಹೇಗೆ ಬಂದಿದೆ, ಅಂಕಿತ ಯಾರದು, ಯಾವ ಪ್ರತಿ ನಂಬಲರ್ಹ ಎಂದು ಪರಿಶೀಲಿಸುವ ಈ ಕೆಲಸಕ್ಕೂ, ದಸ್ತಾವೇಜು ಮತ್ತು ಸಾಕ್ಷ್ಯಗಳನ್ನು ತೂಗಿ ನೋಡುವ ವಕೀಲನ ಕೆಲಸಕ್ಕೂ ಹತ್ತಿರದ ನಂಟಿದೆ. ನ್ಯಾಯಾಲಯದ ಅಭ್ಯಾಸವು ಇಲ್ಲಿ ಅವರಿಗೆ ನೆರವಾಗಿರಬೇಕು.

ಆ ಶ್ರಮದ ಮೊದಲ ದೊಡ್ಡ ಫಲ 1923ರಲ್ಲಿ ಬೆಳಗಾವಿಯಲ್ಲಿ ಮುದ್ರಣಗೊಂಡ ವಚನಶಾಸ್ತ್ರಸಾರದ ಮೊದಲ ಭಾಗ. ವಿಷಯಗಳಿಗೆ ಅನುಸಾರವಾಗಿ ವಚನಗಳನ್ನು ಜೋಡಿಸಿದ ಈ ಗ್ರಂಥದಿಂದ, ಅದುವರೆಗೆ ಮಠದ ಪಾರಾಯಣಕ್ಕೆ ಸೀಮಿತವಾಗಿದ್ದ ವಚನವು ಕನ್ನಡ ಸಾಹಿತ್ಯದ ಒಂದು ಪ್ರಕಾರವಾಗಿ ನಾಡಿನ ಓದುಗರೆದುರು ನಿಂತಿತು. ಗ್ರಂಥ ಪ್ರಕಟಣೆಗೆ ಪರರ ಅಚ್ಚುಕೂಟಗಳನ್ನು ಕಾಯುವುದು ಕಷ್ಟವೆಂದು ಮನಗಂಡು, ವಾಸದ ಮನೆಯನ್ನು ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಅಲ್ಲಿಂದ ಹೊರಟವು. ಮೊದಲನೆಯದು ವಚನ ಮತ್ತು ಶರಣರ ಚರಿತ್ರೆಗಳಿಗೆ ಮೀಸಲು. ಎರಡನೆಯದು ನಾಡಿನ ರಾಜಕೀಯ ಮತ್ತು ಏಕೀಕರಣದ ವಿಚಾರಗಳಿಗೆ. ಹರಿಹರನ ರಗಳೆಗಳನ್ನೂ ಅನೇಕ ಶರಣರ ಚರಿತ್ರೆಗಳನ್ನೂ ಅವರು ಬೆಳಕಿಗೆ ತಂದರು. 1926ರಲ್ಲಿ ಬಳ್ಳಾರಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು.

ಈ ಕಾರ್ಯಕ್ಕೆ ಅವರು ತೆತ್ತ ಬೆಲೆ ಅಲ್ಪವಾದುದಲ್ಲ. ವಕೀಲಿಯ ಗಳಿಕೆ ಮುದ್ರಣಾಲಯಕ್ಕೆ ಹೋಯಿತು. ಚಂದಾದಾರರು ಕಡಿಮೆ, ಕಾಗದದ ಬೆಲೆ ಹೆಚ್ಚು. ಆದರೂ ಶಿವಾನುಭವವನ್ನು ಮೂರು ದಶಕಗಳಿಗೂ ಮೀರಿ ನಡೆಸಿದರು. ಅನೇಕ ವೇಳೆ ಲೇಖಕ, ಸಂಪಾದಕ, ಕರಡು ತಿದ್ದುವವ ಎಲ್ಲವೂ ಅವರೇ. ಬ್ಯಾಂಕನ್ನು ಕಟ್ಟಿದವರ ಮನೆಯಲ್ಲಿ ಮುಪ್ಪಿನ ಕಾಲಕ್ಕೆ ಬಡತನವೇ ಉಳಿದಿತ್ತು. ಬಿ. ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ, ಗೋಲಗುಮ್ಮಟಕ್ಕಿಂತ ಮೊದಲು ವಚನ ಗುಮ್ಮಟವಾದ ಹಳಕಟ್ಟಿಯವರನ್ನು ಕಾಣಬೇಕೆಂದು ಬಯಸಿದರೆಂಬ ಸಂಗತಿ ಜನಜನಿತವಾಗಿದೆ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅದೇ ವರ್ಷ ನವೆಂಬರ್ 1ರಂದು ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಏಕೀಕೃತ ಮೈಸೂರು ರಾಜ್ಯಕ್ಕೆ ಸೇರಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಅವರ ಸಂಪಾದನೆಗಳಲ್ಲಿ ಮುಂದಿನ ವಿದ್ವಾಂಸರು ತಿದ್ದಬೇಕಾದ ಅಂಶಗಳಿದ್ದವು. ಪಾಠಾಂತರಗಳನ್ನು ಶಾಸ್ತ್ರೀಯವಾಗಿ ದಾಖಲಿಸುವ ಕ್ರಮ ಅವರ ನಂತರ ಬೆಳೆಯಿತು. ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ, ಎಂ. ಎಂ. ಕಲಬುರ್ಗಿ ಮೊದಲಾದವರು ಹೆಚ್ಚು ಶುದ್ಧವಾದ ಆವೃತ್ತಿಗಳನ್ನು ಕೊಟ್ಟರು. ಅವರೆಲ್ಲರೂ ಮುಂದುವರಿಸಿದ್ದು ಹಳಕಟ್ಟಿಯವರು ಹಾಕಿಕೊಟ್ಟ ದಾರಿಯನ್ನೇ. ಅಂದು ಸಂಗ್ರಹವಾಗದೆ ಉಳಿದ ಎಷ್ಟೋ ಗರಿಗಳು ಗೆದ್ದಲಿಗೂ ಒಲೆಗೂ ಹೊಳೆಯ ನೀರಿಗೂ ಆಹುತಿಯಾಗುತ್ತಿದ್ದವು. ಆ ಮೇಲೆ ತಿದ್ದಲು ಮೂಲವೇ ಇರುತ್ತಿರಲಿಲ್ಲ.

ಈಗ ನಮ್ಮ ಕಡೆ ತಿರುಗಿ ನೋಡೋಣ. ಡಫಳೆ ಮನೆತನದ ಜತ್ತ ಸಂಸ್ಥಾನವು ಹಳಕಟ್ಟಿಯವರು ವಿಜಾಪುರಕ್ಕೆ ಬಂದ ಕಾಲದಲ್ಲಿ ಬಿಜಾಪುರ ಏಜೆನ್ಸಿಗೆ ಸೇರಿತ್ತು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ವಿಜಾಪುರವು ಆ ಕಡೆಗೆ ಹೋದಾಗ ನಾವು ಈ ಕಡೆಗೆ ಉಳಿದೆವು. 1960ರಿಂದ ಮಹಾರಾಷ್ಟ್ರದ ಪ್ರಜೆಗಳಾಗಿದ್ದೇವೆ. ಉಮದಿ, ಸಂಖ, ಗುಡ್ಡಾಪುರದ ಮನೆಗಳಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂಬುದು ನಮ್ಮ ನಿತ್ಯದ ಅನುಭವ. ತನ್ನ ಭಾಷೆ ರಾಜ್ಯದ ಭಾಷೆಯಾಗಿರದ ಕಡೆ ಕನ್ನಡಿಗನು ಹೇಗೆ ಬದುಕಬೇಕು ಎಂಬ ಪ್ರಶ್ನೆ ನಮಗೆ ಇಂದಿನದು. ಹಳಕಟ್ಟಿಯವರು ತಮ್ಮ ಎಪ್ಪತ್ತಾರನೆಯ ವಯಸ್ಸಿನವರೆಗೂ ಅದೇ ಪ್ರಶ್ನೆಯೊಡನೆ ಬಾಳಿದರು. ಕನ್ನಡದ ರಾಜ್ಯವು ಬರಲೆಂದು ಕಾಯುತ್ತಾ ಅವರು ಕೈಕಟ್ಟಿ ಕುಳಿತಿದ್ದರೆ ವಚನಶಾಸ್ತ್ರಸಾರವು 1923ರಲ್ಲಿ ಹೊರಬರುತ್ತಿರಲಿಲ್ಲ. ಇದ್ದ ಕಾಯಿದೆ, ಇದ್ದ ನಗರಸಭೆ, ಇದ್ದ ಶಾಸನಸಭೆಗಳಲ್ಲಿಯೇ ದುಡಿದು, ಮರಾಠಿಯ ಬಗ್ಗೆ ದ್ವೇಷ ತಾಳದೆ, ಶಾಲೆ, ಬ್ಯಾಂಕು, ಮುದ್ರಣಾಲಯ, ಪತ್ರಿಕೆಗಳನ್ನು ಒಂದೊಂದಾಗಿ ನಿಲ್ಲಿಸಿದರು.

ಆ ಮಾದರಿಯಿಂದ ನಾವು ಕೂಡಲೇ ಕೈಗೊಳ್ಳಬಹುದಾದ ಕೆಲಸವೊಂದಿದೆ. ನಮ್ಮ ತಾಲೂಕಿನ ಮಠಗಳಲ್ಲಿ, ಹಳೆಯ ಮನೆಗಳ ಅಟ್ಟಗಳಲ್ಲಿ ಕನ್ನಡದ ಬರಹಗಳಿದ್ದಾವು: ತಾಡವಾಲೆ ಇರಬಹುದು, ಬಯಲಾಟದ ಕೈಬರಹದ ಪ್ರತಿ ಇರಬಹುದು, ಭಜನೆಯ ಹಾಡುಗಳ ವಹಿ ಇರಬಹುದು. ನಮ್ಮ ವಿಭಾಗದ ವಿದ್ಯಾರ್ಥಿಗಳು ಈ ರಜೆಯಲ್ಲಿ ತಮ್ಮ ತಮ್ಮ ಊರಿನಲ್ಲಿ ವಿಚಾರಿಸಿ, ಮಾಲೀಕರ ಒಪ್ಪಿಗೆ ಪಡೆದು, ಅಂಥ ಬರಹಗಳ ಪಟ್ಟಿಯನ್ನು ಮಾಡಿ ತರಬೇಕು. ಪ್ರತಿಯನ್ನು ಅದರ ಸ್ಥಳದಲ್ಲಿಯೇ ಬಿಟ್ಟು, ಹೆಸರು, ಗರಿಗಳ ಸಂಖ್ಯೆ, ಲಿಪಿ, ಇರುವ ಮನೆ ಇಷ್ಟನ್ನು ಬರೆದುಕೊಂಡರೆ ಸಾಕು. ಹಳಕಟ್ಟಿಯವರ ಕಾರ್ಯವೂ ಇಂಥ ವಿಚಾರಣೆಗಳಿಂದಲೇ ಆರಂಭವಾಯಿತು.