ಡಿಗ್ರಿ ಮುಗಿಸದ ರಾಷ್ಟ್ರಕವಿ

ನಮ್ಮ ಬಾಶೆಟ್ಟಿಹಳ್ಳಿ ಕಡೆ ಓದೋಕೆ ಬಂದು ಹಾಸ್ಟೆಲ್ ಸೇರಿದವರಿಗೆ ಮನೆ ನೆನಪಾದ್ರೆ ಒಂದು ಫೋನ್ ಸಾಕು. ಮಂಜೇಶ್ವರದ ಗೋವಿಂದ ಪೈ ಅವರಿಗೆ ಆ ಅನುಕೂಲ ಇರಲಿಲ್ಲ.

1883ರಲ್ಲಿ ಹುಟ್ಟಿದ ಪೈಗಳು ಮಂಗಳೂರಿನಲ್ಲಿ ಓದಿ, ಬಿ.ಎ.ಗಾಗಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಸೇರಿದರು. ಮಂಗಳೂರಿಗೆ ಆಗಿನ್ನೂ ರೈಲೇ ಬಂದಿರಲಿಲ್ಲ. ಮನೆಮಾತು ಕೊಂಕಣಿ, ಒಲವು ಕನ್ನಡದ್ದು, ಊರೆಲ್ಲ ತಮಿಳು, ಪಾಠ ಇಂಗ್ಲಿಷಿನಲ್ಲಿ. ಅಲ್ಲಿ ಹೊಂದಿಕೊಂಡು ಓದುತ್ತಿರುವಾಗಲೇ ತಂದೆ ತೀರಿಕೊಂಡರು. ಹಿರಿಯ ಮಗನಾದ್ದರಿಂದ ಮನೆಯ ಹೊಣೆ ಹೊರಬೇಕಾಯಿತು. ಡಿಗ್ರಿ ಅರ್ಧಕ್ಕೇ ನಿಂತಿತು. ಆದರೂ ಬರೆದಿದ್ದ ಇಂಗ್ಲಿಷ್ ಪರೀಕ್ಷೆಗೆ ಚಿನ್ನದ ಪದಕ ಬಂತು.

ಕಾಲೇಜು ಬಿಟ್ಟರೂ ಓದು ಬಿಡಲಿಲ್ಲ. ಮಂಜೇಶ್ವರದಲ್ಲೇ ಕೂತು ಹಲವು ಭಾಷೆ ಕಲಿತರು, ಇತಿಹಾಸ ಸಂಶೋಧನೆ ಮಾಡಿದರು. ಯೇಸುವಿನ ಕೊನೆಯ ದಿನದ ಬಗ್ಗೆ ‘ಗೊಲ್ಗೊಥಾ’, ಬುದ್ಧನ ಕೊನೆಯ ದಿನದ ಬಗ್ಗೆ ‘ವೈಶಾಖಿ’ ಎಂಬ ಖಂಡಕಾವ್ಯ ಬರೆದರು. ಪದವಿ ಕೈತಪ್ಪಿದ ಅದೇ ಮದ್ರಾಸಿನ ಸರ್ಕಾರ 1949ರಲ್ಲಿ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಿತು. ಕನ್ನಡಕ್ಕೆ ಅವರೇ ಮೊದಲ ರಾಷ್ಟ್ರಕವಿ. 1963ರಲ್ಲಿ ತೀರಿಕೊಂಡರು.

ಬ್ಯಾಕ್‌ಲಾಗ್ ಉಳೀತು ಅಂತ ಮಂಕಾಗಿ ಕೂತಿರೋ ಗೆಳೆಯರೇ, ಆ ಕಡೆ ಹೋದಾಗ ಮಂಜೇಶ್ವರದಲ್ಲಿ ಇಳಿದು ಅವರ ಸ್ಮಾರಕ ‘ಗಿಳಿವಿಂಡು’ ನೋಡಿ ಬನ್ನಿ.