ಫ್ಯಾಟ್ಸ್ ವಾಲರ್: ತಡವಾಗಿ ಬರುವ ದನಿಯನ್ನು ಪಳಗಿಸಿದವನು

ಲ್ಯಾಬಲ್ಲಿ ನಾವು ‘ಡಿಲೇ’ ಅಂತ ಗೊಣಗ್ತೀವಲ್ಲ, ಜಾಝ್ ವಾದಕ ಫ್ಯಾಟ್ಸ್ ವಾಲರ್ ಅದರ ಜೊತೆಗೇ ನುಡಿಸಿದ. 1904ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವನು, ಹದಿಹರೆಯದಲ್ಲೇ ಹಾರ್ಲೆಮ್‌ನ ಲಿಂಕನ್ ಥಿಯೇಟರಿನಲ್ಲಿ ಮೂಕಿಚಿತ್ರಗಳಿಗೆ ಆರ್ಗನ್ ನುಡಿಸುತ್ತಿದ್ದ. ಜೇಮ್ಸ್ ಪಿ. ಜಾನ್ಸನ್ ಹತ್ತಿರ ‘ಸ್ಟ್ರೈಡ್’ ಪಿಯಾನೋ ಕಲಿತ. ಅದರಲ್ಲಿ ಎಡಗೈ ಜಿಗಿಯುತ್ತಾ ಲಯ ಹಿಡಿಯುತ್ತೆ, ಬಲಗೈ ಹಾಡುತ್ತೆ.

ಪೈಪ್ ಆರ್ಗನ್‌ನಲ್ಲಿ ಕೀ ಒತ್ತಿದ ಮೇಲೆ ಕೊಳವೆಯ ದನಿ ತುಸು ತಡವಾಗಿ ಕೇಳುತ್ತೆ. ಅಂಥದ್ದರ ಮೇಲೆ 1926ರಿಂದ ವಿಕ್ಟರ್ ಕಂಪನಿಗೆ ಜಾಝ್ ರೆಕಾರ್ಡ್ ಮಾಡಿದ, ಲಯ ಜಾರಲಿಲ್ಲ.

ಜಾರಿದ್ದು ದುಡ್ಡು. ಕೈ ಖಾಲಿಯಾದಾಗ ಹಾಡುಗಳ ಹಕ್ಕನ್ನೇ ಪುಡಿಗಾಸಿಗೆ ಮಾರಿದ. 1943ರ ಡಿಸೆಂಬರಿನಲ್ಲಿ, 39ನೇ ವಯಸ್ಸಿಗೆ, ರೈಲಿನಲ್ಲೇ ನ್ಯುಮೋನಿಯಾದಿಂದ ತೀರಿಕೊಂಡ. ನಾಳೆ ನಮ್ಮ ಕೋಡು, ಡಿಸೈನುಗಳಿಗೂ ಕರಾರುಪತ್ರ ಬರುತ್ತೆ. ಸಹಿ ಹಾಕೋ ಮುಂಚೆ ವಾಲರ್‌ನನ್ನು ನೆನೆಯೋಣ.