ನಕ್ಷೆಗಾರ ಮೆಕೆಂಜಿ

ನಾಡಿನ ನಕ್ಷೆಯೆಂದರೆ ದಾರಿ, ಹೊಳೆ, ಎಲ್ಲೆಗಳನ್ನು ತೋರಿಸುವ ಗೆರೆಗಳು ಮಾತ್ರವೇ? ಸಾಮಾನ್ಯ ಭೂಪಟದಲ್ಲಿ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳು ನಾಲ್ಕು ಚುಕ್ಕೆಗಳು. ಆದರೆ ಆ ಸೀಮೆಯಲ್ಲಿ ಹುಟ್ಟಿ ಬೆಳೆದವರ ಮನಸ್ಸಿನ ಪಟವೇ ಬೇರೆ. ಅದರಲ್ಲಿ ಹಾನಗಲ್ಲಿನ ತಾರಕೇಶ್ವರ ದೇವಾಲಯವಿದೆ. ಸವಣೂರಿನ ದೊಡ್ಡ ಹುಣಸೆಯ ಮರಗಳಿವೆ. ಶಿಗ್ಗಾವಿ ತಾಲ್ಲೂಕಿನಲ್ಲಿ ಕನಕದಾಸರ ಬಾಡವಿದೆ. ಹಿರೇಕೆರೂರು ತಾಲ್ಲೂಕಿನಲ್ಲಿ ಏಕಾಂತದ ರಾಮಯ್ಯನ ಕಥೆಯನ್ನು ಕಲ್ಲಿನಲ್ಲಿ ಉಳಿಸಿಕೊಂಡ ಅಬ್ಬಲೂರಿದೆ. ಅಳತೆಯ ಪಟವನ್ನೂ ನೆನಪಿನ ಪಟವನ್ನೂ ಒಂದುಗೂಡಿಸಲು ಕನ್ನಡ ನಾಡಿನಲ್ಲಿ ಶ್ರಮಿಸಿದ ಮೊದಲಿಗರಲ್ಲಿ ಕರ್ನಲ್ ಕಾಲಿನ್ ಮೆಕೆಂಜಿಯವರು ಪ್ರಮುಖರು.

ಮೆಕೆಂಜಿಯವರು ಸುಮಾರು 1754ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಊರಿನಲ್ಲಿ ಜನಿಸಿದರು. ಮೊದಲು ತಮ್ಮ ಊರಿನಲ್ಲಿಯೇ ಸುಂಕದ ಅಧಿಕಾರಿಯಾಗಿದ್ದರು. ಗಣಿತದಲ್ಲಿ ಅವರಿಗೆ ಅಪಾರವಾದ ಆಸಕ್ತಿ. ಭಾರತೀಯರ ಗಣಿತ ಜ್ಞಾನವನ್ನು ಅರಿಯಬೇಕೆಂಬ ಹಂಬಲವೂ ಅವರಿಗಿತ್ತು. 1783ರಲ್ಲಿ ಮದರಾಸಿಗೆ ಬಂದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ ಎಂಜಿನಿಯರ್ ಆದರು. ಅನಂತರ ಅವರು ತಾಯ್ನಾಡಿಗೆ ಹಿಂದಿರುಗಲೇ ಇಲ್ಲ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾಯಿತು. ಟಿಪ್ಪು ಸುಲ್ತಾನನ ರಾಜ್ಯವನ್ನು ಅಳೆದು ನಕ್ಷೆ ಸಿದ್ಧಪಡಿಸುವ ಹೊಣೆಯನ್ನು ಕಂಪನಿಯು ಮೆಕೆಂಜಿಯವರಿಗೆ ವಹಿಸಿತು. ಕಂಪನಿಗೆ ಬೇಕಾಗಿದ್ದುದು ಎಲ್ಲೆಗಳ ನಿಷ್ಕರ್ಷೆ, ಕಂದಾಯದ ಲೆಕ್ಕ, ಸೈನ್ಯ ಸಾಗುವ ದಾರಿಗಳು. ಮೆಕೆಂಜಿಯವರು ಇಷ್ಟಕ್ಕೇ ತೃಪ್ತರಾಗಲಿಲ್ಲ. ಒಂದು ಸ್ಥಳವನ್ನು ಅರಿಯಬೇಕಾದರೆ ಅಲ್ಲಿನ ಗುಡಿ, ಕೆರೆ, ಕೋಟೆ, ಶಾಸನ, ಐತಿಹ್ಯಗಳೆಲ್ಲವನ್ನೂ ಅರಿಯಬೇಕೆಂಬುದು ಅವರ ನಿಲುವಾಗಿತ್ತು. ಅವರ ತಂಡದಲ್ಲಿ ಸರಪಳಿ ಹಿಡಿದು ನೆಲವನ್ನು ಅಳೆಯುವವರ ಜೊತೆಗೆ ಚಿತ್ರ ಬರೆಯುವವರೂ ಶಾಸನ ಓದುವ ಪಂಡಿತರೂ ಇದ್ದರು. ಪಾಳುಬಿದ್ದಿದ್ದ ಹಂಪಿಯನ್ನು ಮೊಟ್ಟಮೊದಲು ಅಳತೆ ಮಾಡಿ ನಕ್ಷೆ ಬರೆಸಿದವರೂ ಅವರೇ.

ಈ ಕಾರ್ಯವು ಸುಲಭವಾದುದಾಗಿರಲಿಲ್ಲ. ಸುಮಾರು 40,000 ಚದರ ಮೈಲಿಗಳ ನೆಲವನ್ನು ಬೆಟ್ಟ ಕಾಡುಗಳನ್ನು ದಾಟಿ ಅಳೆಯಬೇಕಾಗಿತ್ತು. ಚಳಿಜ್ವರವು ತಂಡವನ್ನು ಕಾಡಿತು; ಮೆಕೆಂಜಿಯವರನ್ನೂ ಬಿಡಲಿಲ್ಲ. ಕಂಪನಿಯು ವೆಚ್ಚವನ್ನು ಕಡಿತಗೊಳಿಸಿತು. ಆದರೂ ಅವರು ಕೈಗೊಂಡ ಕೆಲಸವನ್ನು ಬಿಡದೆ ಸುಮಾರು ಹತ್ತು ವರ್ಷಗಳಲ್ಲಿ ಪೂರ್ಣಗೊಳಿಸಿದರು.

ಮೆಕೆಂಜಿಯವರಿಗೆ ಕನ್ನಡವಾಗಲಿ ಸಂಸ್ಕೃತವಾಗಲಿ ಬರುತ್ತಿರಲಿಲ್ಲ. ಈ ನೆಲದ ಮಾತು ಅವರ ಕಿವಿಗೆ ಮುಟ್ಟಿದುದು ಈ ನೆಲದ ವಿದ್ವಾಂಸರಿಂದಲೇ. ತೆಲುಗು ನಾಡಿನ ಕಾವಲಿ ವೆಂಕಟ ಬೊರಯ್ಯನವರು ಅವರ ಬಲಗೈಯಂತಿದ್ದರು. 1803ರಲ್ಲಿ ಬೊರಯ್ಯನವರು ಅಕಾಲದಲ್ಲಿ ತೀರಿಕೊಂಡಾಗ ಅವರ ತಮ್ಮ ಲಕ್ಷ್ಮಯ್ಯನವರು ಆ ಹೊಣೆಯನ್ನು ಹೊತ್ತರು. ಮಲೆಯೂರಿನ ಧರ್ಮಯ್ಯನವರು ಹಳಗನ್ನಡ ಶಾಸನಗಳ ಅರ್ಥವನ್ನು ಬಿಡಿಸಿದರು. ಊರೂರಿನ ಹಿರಿಯರು ಹೇಳಿದ ಸ್ಥಳವೃತ್ತಾಂತಗಳನ್ನು ಈ ಸಹಾಯಕರು ಬರೆದುಕೊಂಡರು. ಇವೇ ಕೈಫಿಯತ್ತುಗಳು. ಮಲೆಯೂರಿನ ಕನಕಗಿರಿಯಲ್ಲಿದ್ದ ಕವಿ ದೇವಚಂದ್ರನು ಮೆಕೆಂಜಿಯವರ ಪ್ರೇರಣೆಯಿಂದ ಬರೆಯತೊಡಗಿದ ರಾಜಾವಳೀ ಕಥೆಯು 1838ರಲ್ಲಿ ಮುಗಿಯಿತು. ಅಷ್ಟರಲ್ಲಿ ಪ್ರೇರಣೆ ನೀಡಿದವರೇ ಇರಲಿಲ್ಲ.

1811ರಿಂದ ಎರಡು ವರ್ಷ ಮೆಕೆಂಜಿಯವರು ಜಾವಾ ದ್ವೀಪದಲ್ಲಿದ್ದರು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ ನೇಮಕಗೊಂಡರು. ಮರುವರ್ಷ ಥಾಮಸ್ ಹಿಕಿ ಎಂಬ ಕಲಾವಿದನು ಅವರ ಚಿತ್ರವನ್ನು ಬರೆದನು. ಕೆಂಪು ಸಮವಸ್ತ್ರ ಧರಿಸಿದ ಮೆಕೆಂಜಿಯವರ ಸುತ್ತ ಮೂವರು ಭಾರತೀಯ ಸಹಾಯಕರು ನಿಂತಿದ್ದಾರೆ. ಒಬ್ಬರ ಕೈಯಲ್ಲಿ ಓಲೆಗರಿ. ಮತ್ತೊಬ್ಬರ ಕೈಯಲ್ಲಿ ದೂರದರ್ಶಕ. ಹಿಂದೆ ಬೆಟ್ಟದ ಮೇಲೆ ಗೊಮ್ಮಟನ ವಿಗ್ರಹ. ತಮ್ಮ ಬಾಳಿಗೆ ಅರ್ಥ ನೀಡಿದ ನೆಲವನ್ನೂ ಜನರನ್ನೂ ಅವರು ಆ ಚಿತ್ರದಲ್ಲಿ ಜೊತೆಗಿರಿಸಿಕೊಂಡಿದ್ದಾರೆ.

1821ರ ಮೇ 8ರಂದು ಕಲ್ಕತ್ತೆಯ ಸಮೀಪದಲ್ಲಿ ಮೆಕೆಂಜಿಯವರು ನಿಧನರಾದರು. ಅವರ ಸಂಗ್ರಹದಲ್ಲಿ 1,568 ಹಸ್ತಪ್ರತಿಗಳು, 8,076 ಶಾಸನಗಳ ಪ್ರತಿಗಳು, 2,630 ಚಿತ್ರಗಳು, 79 ನಕ್ಷೆಗಳು ಇದ್ದವು. ಕಂಪನಿಯು ಅವರ ಪತ್ನಿಯಿಂದ ಒಂದು ಲಕ್ಷ ರೂಪಾಯಿಗಳಿಗೆ ಈ ಸಂಗ್ರಹವನ್ನು ಕೊಂಡುಕೊಂಡಿತು. ಅದು ಈಗ ಚೆನ್ನೈ, ಲಂಡನ್ ಮೊದಲಾದೆಡೆ ಹಂಚಿಹೋಗಿದೆ. ಅದರಲ್ಲಿ ಚಿತ್ರಿತವಾದ ಅಮರಾವತಿಯ ಶಿಲ್ಪಗಳಲ್ಲಿ ಹಲವು ಮುಂದೆ ನಾಶವಾದವು; ಚಿತ್ರಗಳು ಮಾತ್ರ ಉಳಿದಿವೆ.

ಮೆಕೆಂಜಿಯವರು ಬಿಟ್ಟುಹೋದ ಕಾರ್ಯವನ್ನು ಮುಂದುವರಿಸಲು ಲಕ್ಷ್ಮಯ್ಯನವರು ಅವಕಾಶ ಕೋರಿದರು. 1830ರ ದಶಕದಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯು ಆ ಕೋರಿಕೆಯನ್ನು ಒಪ್ಪಲಿಲ್ಲ. ಭಾರತೀಯನೊಬ್ಬನು ಇಂಥ ಸಂಶೋಧನೆಯ ಮುಂದಾಳಾಗಬಲ್ಲನೆಂದು ಅಂದಿನ ಆಂಗ್ಲ ವಿದ್ವಾಂಸರು ನಂಬಲಿಲ್ಲ. ಯಾರ ಕಣ್ಣಿನಿಂದ ಈ ನಾಡನ್ನು ಕಂಡಿದ್ದರೋ ಅವರಿಗೇ ಬಾಗಿಲು ಮುಚ್ಚಿದುದು ವಿಷಾದದ ಸಂಗತಿ.

ಮೈಸೂರು ಸೀಮೆಯ ಎಲ್ಲೆಯು ಶಿಕಾರಿಪುರದ ಆಚೆಗೆ ಮುಗಿಯುತ್ತಿತ್ತು. ಅದಕ್ಕೆ ಹೊಂದಿದ ಹಿರೇಕೆರೂರು, ಹಾನಗಲ್ಲುಗಳ ಪ್ರದೇಶವು ಅಂದು ಮರಾಠರ ಆಳ್ವಿಕೆಯಲ್ಲಿತ್ತು, ಸವಣೂರಿನಲ್ಲಿ ನವಾಬರಿದ್ದರು. ಹೀಗಾಗಿ ಮೈಸೂರಿನ ಮೋಜಣಿಗೆ ಈ ಊರುಗಳು ಸೇರಲಿಲ್ಲ. 1818ರಲ್ಲಿ ಪೇಶ್ವೆಯ ಆಳ್ವಿಕೆಯು ಕೊನೆಗೊಂಡ ಬಳಿಕ ಧಾರವಾಡ ಸೀಮೆಗೆ ಬಂದ ವಾಲ್ಟರ್ ಎಲಿಯಟ್ ಅವರು ಮೆಕೆಂಜಿಯವರ ಹಾದಿಯಲ್ಲಿಯೇ ನಡೆದು 595 ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದರು. ಮುಂದೆ ಜೆ. ಎಫ್. ಫ್ಲೀಟ್ ಅವರು ಅಬ್ಬಲೂರಿನ ಶಾಸನಗಳನ್ನು ಓದಿ ಪ್ರಕಟಿಸಿದರು. ಕರ್ನಾಟಕದ ಕೈಫಿಯತ್ತುಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಪ್ರಕಟಿಸಿತು.

ಮೆಕೆಂಜಿಯವರು ಕಂಪನಿಯ ಸೇವಕರಾಗಿದ್ದರು. ಅವರ ನಕ್ಷೆಗಳು ಪರಕೀಯರ ಆಳ್ವಿಕೆಗೆ ನೆರವಾದುದೂ ನಿಜ. ಆದರೆ ಹಳ್ಳಿಯ ಹಿರಿಯನ ಮಾತಿಗೂ ಪಾಳುಗುಡಿಯ ಕಲ್ಲಿಗೂ ನಕ್ಷೆಯ ಗೆರೆಯಷ್ಟೇ ಬೆಲೆಯಿದೆಯೆಂದು ಅವರು ತಿಳಿದಿದ್ದರು. ಭೂಪಟದ ಪ್ರತಿಯೊಂದು ಚುಕ್ಕೆಯ ಹಿಂದೆಯೂ ಒಂದು ಊರಿದೆ. ಆ ಊರಿಗೆ ನೆನಪಿದೆ. ಆ ನೆನಪು ಅಳಿಯುವ ಮುನ್ನ ಅದನ್ನು ಕೇಳಿ ಬರೆದಿಡುವುದು ಆಯಾ ಊರಿನ ಮಕ್ಕಳ ಕರ್ತವ್ಯ.